1994ರ ಎಕ್ಸ್-ಕಾಮ್ ಈಗ ಆಡಬಹುದಾ, ದುಡ್ಡು ವಾಪಸ್ ತೆಗೊಳ್ಳುವುದಾ?

ಎಕ್ಸ್-ಕಾಮ್ ಅಂದರೆ ಭೂಮಿಗೆ ನುಗ್ಗಿದ ಅನ್ಯಗ್ರಹದವರ ಜೊತೆ ಸೈನಿಕರನ್ನು ಸರದಿ ಪ್ರಕಾರ ನಡೆಸಿ ಕಾದಾಡುವ ಕಂಪ್ಯೂಟರ್ ಆಟ. ನೀವು ಒಂದೂವರೆ ಗಂಟೆ ಆಡಿದ್ದೀರಿ, ಗ್ರಾಫಿಕ್ಸ್ ಹಳತು, ದುಡ್ಡು ವಾಪಸಿನ ಗಡುವಾದ ಎರಡು ಗಂಟೆ ದಾಟುವ ಮೊದಲು ಆಟದಂಗಡಿ ಸ್ಟೀಮ್‌ಗೆ ವಾಪಸ್ ಕೊಡುವುದಾ ಅಂತ ಕೇಳಿದ್ದೀರಿ. ನಾನು ಇದೇ ಆಟವನ್ನು ಪೂರ್ತಿ ಮುಗಿಸಿಯೂ ತಪ್ಪು ತೀರ್ಪು ಕೊಟ್ಟವ ಮಾರಾಯ್ರೆ.

2003ರ ಮಳೆಗಾಲ. ಕದ್ರಿಯಲ್ಲಿ ಬಾಡಿಗೆ ರೂಮು, ಯಾರದೋ ಹಳೇ ಕಂಪ್ಯೂಟರು, ಯುಪಿಎಸ್ ಇಲ್ಲ. ಒಂದು ಗುಡುಗಿಗೆ ಕರೆಂಟು ಹೋಗುತ್ತಿತ್ತು. ಹಾಗಾಗಿ ಎರಡೆರಡು ನಿಮಿಷಕ್ಕೆ ಸೇವ್ ಮಾಡುವ ಚಟ ಹಿಡಿಯಿತು. ಆಮೇಲೆ ಕರೆಂಟಿನ ನೆಪವೂ ಬೇಡವಾಯಿತು: ಗುಂಡು ತಪ್ಪಿತಾ, ಹಿಂದಿನ ಸೇವ್ ಲೋಡ್. ಸೈನಿಕ ಸತ್ತನಾ, ಲೋಡ್. ಆಟಿ ತಿಂಗಳಲ್ಲಿ ಚೆನ್ನೆಮಣೆಗೆ ಕೂತರೆ ಅಜ್ಜಿ ಹಾಕಿದ ಕಾಯಿ ಮುಟ್ಟಲು ಬಿಡುತ್ತಿರಲಿಲ್ಲ. ಇಲ್ಲಿ ಕೇಳುವವರು ಯಾರು?

ಅತಿ ಕಷ್ಟದ 'ಸೂಪರ್‌ಹ್ಯೂಮನ್' ಹಂತವನ್ನೇ ಆರಿಸಿ ಮುಗಿಸಿದೆ. ಕಾಲೇಜು ಮ್ಯಾಗಜಿನ್ನಿನಲ್ಲಿ ಒಂದು ಪುಟ ಬರೆದೆ: "ಮಕ್ಕಳಾಟ, ಐದರಲ್ಲಿ ಎರಡು."

ನನಗೆ ಗೊತ್ತಿಲ್ಲದ್ದು ಎಂತ ಅಂದರೆ, ಆ ಡಾಸ್ ಆವೃತ್ತಿಯಲ್ಲಿ ಒಂದು ದೋಷ ಉಂಟು. ನೀವು ಯಾವ ಹಂತ ಆರಿಸಿದರೂ, ಸೇವ್ ಮಾಡಿದ್ದನ್ನು ಲೋಡ್ ಮಾಡಿದ ಕೂಡಲೇ ಅದು ಸದ್ದಿಲ್ಲದೆ ಅತಿ ಸುಲಭದ 'ಬಿಗಿನರ್'ಗೆ ಇಳಿಯುತ್ತದೆ. ಪರದೆಯ ಮೇಲೆ ಸುದ್ದಿಯೇ ಇಲ್ಲ. ನಾನು ದಿನಕ್ಕೆ ನೂರು ಸಲ ಲೋಡ್ ಮಾಡುವವ. ಅಂದರೆ ಸೂಪರ್‌ಹ್ಯೂಮನ್ ಅನ್ನು ನಾನು ಆಡಿಯೇ ಇರಲಿಲ್ಲ, ಬರೀ ಆರಿಸಿದ್ದು! (ತಮಾಷೆ ಗೊತ್ತುಂಟಾ? ಆಟ ಸುಲಭ ಅಂತ ಬಂದ ದೂರು ಕೇಳಿಯೇ ಮುಂದಿನ ಭಾಗ, 1995ರ 'ಟೆರರ್ ಫ್ರಮ್ ದ ಡೀಪ್' ಅನ್ನು ಅಷ್ಟು ಕ್ರೂರವಾಗಿ ಮಾಡಿದ್ದು. ನನ್ನಂಥವರ ಪಾಪ.)

ಉಡುಪಿಯಿಂದ ದೊಡ್ಡಪ್ಪನ ಮಗ ಅಣ್ಣ ಬಂದ, ದೋಷ ಸರಿಮಾಡಿದ ವಿಂಡೋಸ್ ಆವೃತ್ತಿಯ ಸಿ.ಡಿ. ಹಿಡಿದುಕೊಂಡು. "ಲೋಡ್ ಮಾಡ್ಬಾರ್ದು. ಒಂದು ಗಡ್‌ಬಡ್ ಐಸ್‌ಕ್ರೀಮ್ ಪಂಥ." ಶುರುವಿಗೆ ಸಿಗುವುದು ಎಂಟು ಸೈನಿಕರು, ನಾನು ಕ್ಲಾಸ್‌ಮೇಟುಗಳ ಹೆಸರಿಟ್ಟೆ. ಸೈನಿಕರನ್ನು ಹೊತ್ತೊಯ್ಯುವ ವಿಮಾನ ಸ್ಕೈರೇಂಜರಿನಿಂದ ಒಬ್ಬೊಬ್ಬರನ್ನೇ ಇಳಿಸಿದೆ, ನಡೆಯಲು, ಹೊಡೆಯಲು ಒಂದು ಸರದಿಗೆ ಸಿಗುವ ಟೈಮ್ ಯೂನಿಟ್ ಎಲ್ಲರದ್ದೂ ಖಾಲಿಯಾಗುವಷ್ಟು ಓಡಿಸಿದೆ. ಉಳಿಸಿಕೊಂಡ ಯೂನಿಟ್ ಇದ್ದರೆ ಮಾತ್ರ ಎದುರಾಳಿಯ ಸರದಿಯಲ್ಲಿ ತಿರುಗಿ ಹೊಡೆಯಬಹುದು ಅನ್ನುವುದನ್ನೇ ನಾನು ಕಲಿತಿರಲಿಲ್ಲ, ಕಲಿಯುವ ಅಗತ್ಯವೇ ಬಿದ್ದಿರಲಿಲ್ಲವಲ್ಲ. ಐದು ಮಂದಿ ಸತ್ತರು, ಇಬ್ಬರು ವಿಮಾನದ ಇಳಿಜಾರಿನಲ್ಲೇ. ಗಡ್‌ಬಡ್ ಹೋಯಿತು. ಮ್ಯಾಗಜಿನ್ ಅಷ್ಟರಲ್ಲಿ ಅಚ್ಚಾಗಿತ್ತು. ಜೂನಿಯರುಗಳು ವರ್ಷವಿಡೀ ನನ್ನನ್ನು 'ಬಿಗಿನರ್' ಅಂತಲೇ ಕರೆದರು.

ಹಾಗಾಗಿ ಗ್ರಾಫಿಕ್ಸಿನ ಪ್ರಶ್ನೆಯೇ ತಪ್ಪು ಅಂತೇನೆ. ಒಂದೂವರೆ ಗಂಟೆಯಲ್ಲಿ ಎಷ್ಟು ಸಲ ಲೋಡ್ ಮಾಡಿದ್ದೀರಿ, ಅದನ್ನು ಹೇಳಿ. 2012ರಲ್ಲಿ ಹೊಸತಾಗಿ ಮಾಡಿದ ಎಕ್ಸ್-ಕಾಮ್ ಚೆಂದ ಉಂಟು, ಆದರೆ ಅದು ಬೇರೆಯೇ ಆಟ. ವಾಪಸ್ ಕೊಡಬೇಡಿ. ಇದೇ ಹಳೇ ಆಟವನ್ನು ಈಗಿನ ಕಂಪ್ಯೂಟರಿನಲ್ಲಿ ನಡೆಸುವ ಓಪನ್‌ಎಕ್ಸ್‌ಕಾಮ್ ಹಾಕಿಕೊಳ್ಳಿ, ಉಚಿತ. ಮೂಲ ಆಟದ ಫೈಲು ಬೇಕು, ಅದು ನಿಮ್ಮಲ್ಲಿ ಉಂಟು. ಕೆಳಗಿನ ಹಂತವೇ ಸಾಕು, ಆದರೆ ಹಿಂದಿನ ಸೇವ್‌ಗೆ ಮರಳಲು ಬಿಡದ ಐರನ್‌ಮ್ಯಾನ್ ಒತ್ತಿ ಶುರು ಮಾಡಿ. ಮೊದಲ ಕಾರ್ಯಾಚರಣೆಯಲ್ಲಿ ಎಷ್ಟು ಮಂದಿ ಉಳಿದರು ಅಂತ ಇಲ್ಲೇ ಬರೆಯಿರಿ. ನನ್ನದು ಮೂರು.