ಎಂಜಿನಿಯರ್‌ಗಳೇ ಬೇಡ ಅಂದರೂ ಚಾಲೆಂಜರ್ ಹಾರಿದ್ದು ಯಾಕೆ?

ಹಾರಿಸಬೇಡಿ ಅಂತ ಎಂಜಿನಿಯರ್‌ಗಳೇ ಹೇಳಿದ್ದರೂ 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ಯಾಕೆ ಹಾರಿಸಿದರು ಅಂತ ಕೇಳಿದ್ದೀರಿ. ಮೇಲಿನವರ ಅವಸರ ಅಂತ ಎಲ್ಲರೂ ಹೇಳುತ್ತಾರೆ. ಅವಸರ ಇತ್ತು, ಸುಳ್ಳಲ್ಲ. ಆದರೆ ನಾನು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು, ದಿನಾ ರಿಪೋರ್ಟ್ ಬರೆಯೋದು ಓದೋದೇ ಕೆಲಸ. ನನ್ನ ಕಣ್ಣು ಹೋಗೋದು ಅವತ್ತಿನ ಚಾರ್ಟುಗಳ ಕಡೆಗೆ.

ಜನವರಿ 27ರ ರಾತ್ರಿ, ನೌಕೆಯನ್ನು ಮೇಲಕ್ಕೆ ತಳ್ಳುವ ಬೂಸ್ಟರ್ ರಾಕೆಟ್ ಮಾಡಿದ ಥಯೊಕಾಲ್ ಕಂಪನಿಯವರು ನಾಸಾಗೆ 13 ಹಾಳೆ ಫ್ಯಾಕ್ಸ್ ಮಾಡಿ ಫೋನಿನಲ್ಲಿ ವಾದಕ್ಕೆ ಕೂತರು. ಬೂಸ್ಟರಿನ ಜಾಯಿಂಟುಗಳಲ್ಲಿ ರಬ್ಬರಿನ ಓ-ರಿಂಗ್ ಇರುತ್ತದೆ. ಚಳಿಗೆ ಅದು ಗಟ್ಟಿಯಾಗುತ್ತದೆ, ಸಂದು ಬೇಗ ಮುಚ್ಚುವುದಿಲ್ಲ, ಒಳಗಿನ ಬಿಸಿ ಗ್ಯಾಸ್ ಹೊರಗೆ ನುಗ್ಗಬಹುದು. ಸುಮಾರು 12 ಡಿಗ್ರಿಗಿಂತ ಕೆಳಗೆ ಹಾರಿಸಬೇಡಿ ಅಂದರು. (ಎಲ್ಲವನ್ನೂ ಸೆಲ್ಸಿಯಸ್‌ಗೆ ಬದಲಾಯಿಸಿ ಬರೆದಿದ್ದೇನೆ.)

ಮಾತು ಸರಿಯಾಗೇ ಇತ್ತು. ಆದರೆ ಹೋಲಿಸಿ ನೋಡಿದ್ದು ರಿಂಗ್ ಕೆಟ್ಟ ಹಾರಾಟಗಳನ್ನು ಮಾತ್ರ. ಅವುಗಳಲ್ಲಿ ಒಂದು 12 ಡಿಗ್ರಿಯದ್ದು, ಇನ್ನೊಂದು 24 ಡಿಗ್ರಿಯದ್ದು. ಬೆಚ್ಚಗಿದ್ದಾಗಲೂ ಕೆಟ್ಟಿದೆ ಅಂದಮೇಲೆ ಚಳಿಯದೇನು ತಪ್ಪು ಅನ್ನಿಸೋದು ಸಹಜ, ಅಲ್ವಾ? ಏನೂ ಆಗದೆ ಬಂದ ಹಾರಾಟಗಳನ್ನೂ ಪಕ್ಕಕ್ಕೆ ಇಟ್ಟಿದ್ದರೆ ಚಿತ್ರವೇ ಬೇರೆ. 18 ಡಿಗ್ರಿಗಿಂತ ಕೆಳಗೆ ಹಾರಿದ ನಾಲ್ಕಕ್ಕೆ ನಾಲ್ಕೂ ಕೆಟ್ಟಿದ್ದವು. ಅದಕ್ಕಿಂತ ಮೇಲೆ ಹಾರಿದ 20ರಲ್ಲಿ ಕೆಟ್ಟಿದ್ದು ಮೂರೇ. ತನಿಖಾ ಆಯೋಗ ಇದನ್ನು ಹೇಳುವ ಹೊತ್ತಿಗೆ ನೌಕೆ ಸಿಡಿದು ಅದರಲ್ಲಿದ್ದ ಏಳು ಜನ ಹೋಗಿಯಾಗಿತ್ತು. ಹಾರಿದ ಬೆಳಿಗ್ಗೆ ಇದ್ದದ್ದು ಸುಮಾರು 2 ಡಿಗ್ರಿ.

ನಮ್ಮ ಮಂಡ್ಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೇಪರಿನಲ್ಲಿ ಕೆಆರ್‌ಎಸ್‌ನ ಇವತ್ತಿನ ಮಟ್ಟ ಒಂದನ್ನೇ ಹಾಕಿದರೆ ಬೈಯುತ್ತಾರೆ. ಗರಿಷ್ಠ 124.80 ಅಡಿ, ಒಳಹರಿವು, ಹೊರಹರಿವು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಎಲ್ಲ ನೋಡಿಯೇ ಭತ್ತದ ಒಟ್ಲು (ಸಸಿಮಡಿ) ಹಾಕೋದಾ ಬೇಡವಾ ಅನ್ನೋ ಲೆಕ್ಕ.

2003ರಲ್ಲಿ ನಾಸಾದ ಇನ್ನೊಂದು ನೌಕೆ ಕೊಲಂಬಿಯಾಗೆ ಆದ ದುರಂತ ಇನ್ನೊಂದು ಥರ. ಅಲ್ಲಿ ಬೇಕಾದ ಅಂಕಿ ಎಂಜಿನಿಯರ್‌ಗಳು ನಾಸಾಗೆ ತೋರಿಸಿದ ಸ್ಲೈಡಿನಲ್ಲೇ ಇತ್ತು, ಕೆಳಗೆಲ್ಲೋ, ಸಣ್ಣ ಅಕ್ಷರದಲ್ಲಿ. ಮೇಲಿನ ತಲೆಬರಹ ಓದಿದರೆ ಹೆದರಬೇಕಿಲ್ಲ ಅನ್ನಿಸುವ ಹಾಗಿತ್ತು. ಇಂಧನ ಟ್ಯಾಂಕಿನಿಂದ ಕಳಚಿ ರೆಕ್ಕೆಗೆ ಬಡಿದ ಫೋಮ್ ತುಂಡಿನ ಅಂದಾಜು ಗಾತ್ರ 1920 ಘನ ಇಂಚು, ಮೊದಲು ಪರೀಕ್ಷೆ ಮಾಡಿದ್ದ ತುಂಡು 3 ಘನ ಇಂಚು. ಭಾಗಿಸಿದರೆ 640 ಪಟ್ಟು. ಆ 640 ಮಾತ್ರ ಸ್ಲೈಡಿನಲ್ಲಿ ಇರಲಿಲ್ಲ.