ಪೈಲ್ಸ್ ಇದ್ದದ್ದು ನಿಜ, ಆದರೆ ರಕ್ತ ಬರುತ್ತಿದ್ದದ್ದು ಅಲ್ಲಿಂದಲ್ಲ

"ಎರಡು ತಿಂಗಳಿಂದ ಮೋಷನ್ ಜೊತೆ ರಕ್ತ ಹೋಗ್ತಿದೆ, ನೋವಿಲ್ಲ, ಪೈಲ್ಸೇ ಇರಬೇಕು, ಯಾವ ಮುಲಾಮು ಹಚ್ಚಲಿ" ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ಇದೇ ಮಾತನ್ನು ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

ಆಗ ನನಗೆ 41. ಅದಕ್ಕೂ ಮೂರು ವರ್ಷ ಮೊದಲು ನಿಜವಾಗಿಯೇ ಮೂಲವ್ಯಾಧಿ ಆಗಿತ್ತು, ಡಾಕ್ಟರು ನೋಡಿಯೇ ಹೇಳಿದ್ದರು. ಹಾಗಾಗಿ ಮತ್ತೆ ಕೆಂಪು ಕಂಡಾಗ ಗಾಬರಿಯಾಗಲಿಲ್ಲ. ಹಳೇ ಮುಲಾಮು ಹಚ್ಚಿದೆ, ನೀರು ಜಾಸ್ತಿ ಕುಡಿದೆ, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂತೆ. ಒಂದು ವಾರ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತಾಗೆಲ್ಲ ವಾಸಿಯಾಯಿತು ಅಂದುಕೊಳ್ಳುತ್ತಿದ್ದೆ. ಹೀಗೇ ಎಂಟು ತಿಂಗಳು ಕಳೆದೆ.

ಡಾಕ್ಟರ ಹತ್ತಿರ ಹೋಗಲಿಲ್ಲ ಅಂತಲ್ಲ. ಐದನೇ ತಿಂಗಳಲ್ಲಿ ಹೋಗಿದ್ದೆ. ನಾನು ಕೆಟ್ಟದ್ದು ಅಲ್ಲೇ. ಕೂತ ತಕ್ಷಣ "ಸರ್, ಪೈಲ್ಸ್ ಮತ್ತೆ ಶುರುವಾಗಿದೆ" ಅಂದೆ. ರಕ್ತ ಹೋಗುತ್ತಿದೆ ಅನ್ನಲಿಲ್ಲ, ಎಷ್ಟು ದಿನದಿಂದ ಅನ್ನಲಿಲ್ಲ. ಕಾಯಿಲೆಯ ಹೆಸರನ್ನು ನಾನೇ ಇಟ್ಟುಕೊಂಡು ಹೋಗಿದ್ದೆ. ಅವರು "ಮಲಗಿ, ಒಂದ್ಸಲ ನೋಡೋಣ" ಎಂದು ಗ್ಲೌಸ್ ತೆಗೆದುಕೊಂಡರು. "ಬೇಡ ಸರ್, ಹಿಂದೆ ನೋಡಿದ್ದಾರೆ, ಅದೇ ಇದು" ಅಂದುಬಿಟ್ಟೆ. ನಾಚಿಕೆಯೇ ಕಾರಣ, ಬೇರೇನಿಲ್ಲ. ಅವರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಬೇಡ ಅಂದೆ. ಚೀಟಿ ಬರೆದುಕೊಟ್ಟರು.

ಅವರಿಗೆ ಹೇಳದೇ ಬಿಟ್ಟದ್ದು ಏನು ಗೊತ್ತಾ? ಹಿಂದಿನ ಸಲ ಮೋಷನ್ ಆದಮೇಲೆ ಕೊನೆಯಲ್ಲಿ ತಿಳಿಕೆಂಪು ರಕ್ತ ತೊಟ್ಟಿಕ್ಕುತ್ತಿತ್ತು. ಈ ಸಲ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಬಗ್ಗಿ ನೋಡಿದೆ: ಮಲದೊಳಗೇ ಕಡುಗೆಂಪು ಎಳೆ ಸುತ್ತಿಕೊಂಡಿತ್ತು, ಪಕ್ಕದಲ್ಲಿ ಲೋಳೆಯಂಥದ್ದು ಮಿನುಗುತ್ತಿತ್ತು. ತಕ್ಷಣ ಫ್ಲಶ್ ಒತ್ತಿದೆ. ಆಮೇಲೆ ನೋಡುವುದನ್ನೇ ಬಿಟ್ಟೆ. ಎಷ್ಟು ಸಲ ಹೋದರೂ ಹೊಟ್ಟೆ ಪೂರ್ತಿ ಖಾಲಿಯಾದಂತೆ ಅನಿಸುತ್ತಿರಲಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ, ಒಂದು ನಿಮಿಷ ಮಗ್ಗುಲಾಗಿ ಮಲಗಿದ್ದರೆ, ಅವರು ಮುಲಾಮು ಬರೆಯುತ್ತಿರಲಿಲ್ಲ. ಇನ್ನೂ ಮೂರು ತಿಂಗಳು ರಕ್ತ ಹೋಯಿತು.

ಕೊನೆಗೆ ಒಂದು ಮಹಡಿ ಹತ್ತಿದರೆ ಏದುಸಿರು. ಹೆಂಡತಿ ನನ್ನ ಕೆಳರೆಪ್ಪೆ ಎಳೆದು ನೋಡಿ, "ಏನ್ರೀ ಇದು, ಹೀಗೆ ಬಿಳಿಚಿಕೊಂಡಿದೆ" ಅಂದಳು. ಹಿಮೋಗ್ಲೋಬಿನ್ 8.9ಕ್ಕೆ ಇಳಿದಿತ್ತು, ಅಂದರೆ ರಕ್ತಹೀನತೆ. ಹೊಸ ಡಾಕ್ಟರು ನನ್ನ ಕಥೆ ಕೇಳುವ ಮೊದಲೇ ಪರೀಕ್ಷೆ ಮಾಡಿದರು. ಎರಡು ಸಣ್ಣ ಪೈಲ್ಸ್ ಇತ್ತು. "ನೋಡಿ, ಅದೇ ಅಲ್ವಾ ಸರ್" ಅಂದೆ, ಆಸೆಯಿಂದ. "ಪೈಲ್ಸ್ ಇದೆ. ಆದ್ರೆ ರಕ್ತ ಅಲ್ಲಿಂದಲೇ ಬರ್ತಿದೆ ಅಂತ ಯಾರು ಹೇಳಿದ್ರು?" ಅಂದರು. ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನೊಳಗೆ ನೋಡಿದಾಗ, ಸಿಕ್ಕಿದ್ದು ದೊಡ್ಡಕರುಳಿನ ಕೊನೆಯ ಭಾಗದಲ್ಲಿ 3 ಸೆಂಟಿಮೀಟರಿನ ಪಾಲಿಪ್, ಅಂದರೆ ಕರುಳಿನ ಒಳಪದರದಲ್ಲಿ ಬೆಳೆದ ಗಂಟು. ಸ್ಕೋಪಿನಿಂದಲೇ ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆದರು. ಬಯಾಪ್ಸಿಯಲ್ಲಿ ಜೀವಕೋಶಗಳು ಕ್ಯಾನ್ಸರಿನ ಕಡೆಗೆ ತಿರುಗಲು ಶುರುವಾಗಿದ್ದವು, ಆಳಕ್ಕೆ ಇಳಿದಿರಲಿಲ್ಲ. ಮೂರು ವರ್ಷದ ಮೇಲೆ ಮತ್ತೆ ಸ್ಕೋಪ್ ಹಾಕಿ ನೋಡಿದರು, ಏನೂ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಕ್ತ ಎಲ್ಲಿಂದ ಬರುತ್ತಿದೆ ಅನ್ನುವುದೇ ಗೊತ್ತಿಲ್ಲದಿರುವಾಗ ಮುಲಾಮಿನ ಮಾತೆಲ್ಲಿ? "ನೋವಿಲ್ಲ" ಅನ್ನುವುದನ್ನೂ ಸಮಾಧಾನ ಮಾಡಿಕೊಳ್ಳಬೇಡಿ. ಬ್ಲೇಡಿನಲ್ಲಿ ಕೊಯ್ದಂಥ ನೋವು ಬರುವುದು ಹೆಚ್ಚಾಗಿ ಫಿಶರ್‌ನಲ್ಲಿ, ಅಂದರೆ ಗುದದ್ವಾರದ ಚರ್ಮ ಸೀಳಿದಾಗ; ಅದು ಸಾಮಾನ್ಯವಾಗಿ ಅಪಾಯದ್ದಲ್ಲ. ಒಳಗಿನ ಪೈಲ್ಸಿಗೂ ಸಾಮಾನ್ಯವಾಗಿ ನೋವಿರುವುದಿಲ್ಲ, ಪಾಲಿಪ್ಪಿಗೂ ಇರುವುದಿಲ್ಲ, ಕ್ಯಾನ್ಸರಿಗೂ ಶುರುವಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ರಕ್ತ, ಲೋಳೆ ಬೆರೆತ ಭೇದಿ ಪದೇಪದೇ ಆಗುತ್ತಿದ್ದರೆ ಸೋಂಕಿರಬಹುದು, ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಒಳಗೆ ಉರಿಯೂತವಾಗಿ ಹುಣ್ಣಾಗುವ ದೀರ್ಘಕಾಲದ ಕಾಯಿಲೆ, ಇರಬಹುದು. ಹೆಚ್ಚು ಜನರಿಗೆ ಪೈಲ್ಸೋ ಫಿಶರೋ ಇರುತ್ತದೆ, ನಿಮಗೂ ಅದೇ ಇರಲಿ. ಆದರೆ ಅದನ್ನು ನೋಡಿದವರು ಹೇಳಬೇಕು.

ಎರಡು ತಿಂಗಳಾಗಿದೆಯಲ್ಲ, ಈ ವಾರವೇ ಹೋಗಿ. ವಯಸ್ಸು 45 ದಾಟಿದ್ದರೆ, ಅಪ್ಪ ಅಮ್ಮ ಅಣ್ಣ ತಮ್ಮ ಅಕ್ಕ ತಂಗಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ತೂಕ ಇಳಿಯುತ್ತಿದ್ದರೆ, ಮೋಷನ್ನಿನ ರೀತಿ ಬದಲಾಗಿದ್ದರೆ ಕೇಳದಿದ್ದರೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಆದರೆ ನೀವೇ ನಿಲ್ಲಿಸಬೇಡಿ. ರಕ್ತ ಒಂದೇ ಸಮನೆ ಹರಿಯುತ್ತಿದ್ದರೆ, ಗಡ್ಡೆಗಡ್ಡೆಯಾಗಿ ಬಿದ್ದರೆ, ತಲೆಸುತ್ತಿ ಕಣ್ಣು ಕತ್ತಲಾದರೆ, ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಸೀದಾ ಎಮರ್ಜೆನ್ಸಿಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನುಂಗುತ್ತಿದ್ದರೆ ತಿಳಿಸಿ.

ಒಳಗೆ ಹೋದಮೇಲೆ "ಪೈಲ್ಸ್" ಅನ್ನುವ ಪದ ಎತ್ತಲೇಬೇಡಿ. "ಎರಡು ತಿಂಗಳಿಂದ ರಕ್ತ ಹೋಗ್ತಿದೆ" ಅನ್ನಿ, ಬಣ್ಣ ಹೇಳಿ, ಮೇಲೆ ಅಂಟಿದೆಯೋ ಒಳಗೆ ಬೆರೆತಿದೆಯೋ ಹೇಳಿ. ಎಡಮಗ್ಗುಲಿಗೆ ಮಲಗಿಸಿ ಮೊಣಕಾಲು ಎದೆಗೆ ಎಳೆದುಕೊಳ್ಳಿ ಅನ್ನುತ್ತಾರೆ. ಬೆರಳಿನ ಪರೀಕ್ಷೆ ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ದಯವಿಟ್ಟು ಬೇಡ ಅನ್ನಬೇಡಿ.