ಕಾಲು ಉಳುಕಿದ ಮೇಲೆ ನಡೆಯುವಾಗ ಎಡವಿದರೆ ಸಾವರಿಸಿಕೊಳ್ಳಲು ಆಗುತ್ತಿಲ್ಲ. ಮೀನಖಂಡ ಗಟ್ಟಿ ಮಾಡಲಾ, ಬ್ಯಾಲೆನ್ಸ್ ಬೋರ್ಡ್ (ಮೇಲೆ ನಿಂತರೆ ಓಲಾಡುವ ಹಲಗೆ) ಕೊಳ್ಳಲಾ?

ನನ್ನನ್ನು ಕೇಳಿದರೆ ಎರಡೂ ಅಲ್ಲ.

ಒಂಟಿ ಕಾಲಲ್ಲಿ ಆರಾಮಾಗಿ ನಿಲ್ಲುತ್ತೇನೆ, ನಡೆಯುವಾಗ ಮಾತ್ರ ಸಣ್ಣ ಕಲ್ಲು ತಗುಲಿದರೂ ಬೀಳುವ ಹಾಗಾಗುತ್ತದೆ ಅಂತ ಬರೆದಿದ್ದೀರಿ. ನನಗೂ ಹೀಗೇ ಆಗಿತ್ತು. ಬಲಗಾಲಿನ ಊತ ಇಳಿದ ಮೇಲೆ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ವಿಪರೀತ ಮಾಡಿದೆ. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತೆ. ನಿಲ್ಲುವುದರಲ್ಲಿ ಪಳಗಿದೆ. ನಡಿಗೆ ಮೊದಲಿಗಿಂತ ಕೆಟ್ಟಿತು.

ಕೆಡಿಸಿದ್ದು ಒಂದೇ ಅಭ್ಯಾಸ. ಮತ್ತೆ ಉಳುಕಬಾರದು ಅಂತ ನಡೆಯುವಾಗ ಕಾಲನ್ನು ಬಿಗಿ ಹಿಡಿಯುತ್ತಿದ್ದೆ. ಕಣ್ಣು ಪಾದದ ಮೇಲೆ, ಹೆಜ್ಜೆ ಚಿಕ್ಕದು. ಸೇಫ್ ಅನ್ನಿಸುತ್ತದೆ, ಅಲ್ವಾ? ಮೊಣಕಾಲ ಕೆಳಗೆ ಮುಂಭಾಗದ ಸ್ನಾಯು ಪಾದದ ತುದಿಯನ್ನು ಎತ್ತುತ್ತದೆ, ಹಿಂಭಾಗದ ಮೀನಖಂಡ ಕೆಳಗೆ ಒತ್ತುತ್ತದೆ. ಎರಡೂ ಒಟ್ಟಿಗೆ ಬಿಗಿದರೆ ಹಗ್ಗಜಗ್ಗಾಟವೇ, ಪಾದ ಅಲುಗುವುದಿಲ್ಲ. ಕಾಲು ಮುಂದಕ್ಕೆ ಬೀಸುವಾಗ ಪಾದದ ತುದಿ ನೆಲದಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರುತ್ತದೆ. ಕಾಲು ಬಿಗಿ ಹಿಡಿದು ಮೊಣಕಾಲು ಸರಿಯಾಗಿ ಮಡಚದಿದ್ದರೆ ಅದೂ ಕಮ್ಮಿ. ಹಾಗಾಗಿ ಜಾಸ್ತಿ ಎಡವಿದೆ. ಎಡವಿದ್ದಕ್ಕೆ ಹೆದರಿ ಇನ್ನೂ ಬಿಗಿ ಹಿಡಿದೆ. ಇದನ್ನೇ ಇಷ್ಟು ಎಳೆದು ಹೇಳುತ್ತಿರುವುದು ಯಾಕೆಂದರೆ ನೀವೂ "ಕಾಲು ನೋಡಿಕೊಂಡೇ ನಡೆಯುತ್ತೇನೆ" ಅಂದಿದ್ದೀರಿ.

ಎಡವಿದಾಗ ಯೋಚಿಸಿ ಸಾವರಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಮೀನಖಂಡ ತಟ್ಟನೆ ಎಳೆದುಕೊಂಡರೆ ಬೆನ್ನುಹುರಿಯಿಂದ ಮೊದಲ ಪ್ರತಿಕ್ರಿಯೆ ಸುಮಾರು 40 ಮಿಲಿಸೆಕೆಂಡಿಗೆ ಬರುತ್ತದೆ. ಎಡವಿದ ಮೈಯನ್ನು ಉಳಿಸುವ ದೊಡ್ಡ ಪ್ರತಿಕ್ರಿಯೆಗಳು ಶುರುವಾಗುವುದು ಹೆಚ್ಚುಕಡಿಮೆ 60ರಿಂದ 140 ಮಿಲಿಸೆಕೆಂಡಿನೊಳಗೆ. ನೀವು ಬೇಕೆಂದೇ ಕಾಲು ಎತ್ತುವುದು ಅದಾದ ಮೇಲೆ.

ಯಾವ ಸ್ನಾಯು ಏನು ಮಾಡಬೇಕು ಅನ್ನುವುದು ಹೆಜ್ಜೆ ಎಲ್ಲಿದೆ ಅನ್ನುವುದರ ಮೇಲೆ. ಪಾದ ಆಗಷ್ಟೇ ನೆಲ ಬಿಟ್ಟಾಗ ಕಲ್ಲು ತಗುಲಿದರೆ ತೊಡೆಯ ಹಿಂಭಾಗದ ಸ್ನಾಯು ಮೊಣಕಾಲನ್ನು ಮಡಚಿ ಪಾದವನ್ನು ಕಲ್ಲಿನ ಮೇಲಿಂದ ದಾಟಿಸುತ್ತದೆ. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ತಗುಲಿದರೆ ಕಾಲು ಅಲ್ಲೇ ಊರಿಬಿಡುತ್ತದೆ, ಕಲ್ಲು ದಾಟುವುದು ಇನ್ನೊಂದು ಕಾಲು. ಅಷ್ಟರಲ್ಲಿ ನೆಲದ ಮೇಲಿರುವ, ಎಡವದ ಕಾಲಿನ ಮೀನಖಂಡ ಒತ್ತಿ, ಮುಂದಕ್ಕೆ ಮುಗ್ಗರಿಸುವ ಮೈಯನ್ನು ತಡೆದು ಚೂರು ಸಮಯ ಕೊಡಿಸುತ್ತದೆ. ನಾನು ಸುಮ್ನೆ ಉಳುಕಿದ ಕಾಲನ್ನೇ ಬೈಯುತ್ತಿದ್ದೆ!

ಬೋರ್ಡ್ ಮೇಲೆ ನಿಲ್ಲುವುದರಲ್ಲಿ ಇದ್ಯಾವುದೂ ಇಲ್ಲ. 1986ರಲ್ಲೇ ಕಪಾಡೆ ಮತ್ತು ಸ್ಟೈನ್ ಎಂಬ ಸಂಶೋಧಕರು ಅಳೆದು ತೋರಿಸಿದ್ದಾರೆ: ಮೀನಖಂಡದ ರಿಫ್ಲೆಕ್ಸ್, ಅಂದರೆ ಯೋಚಿಸದೆ ತಾನಾಗಿ ಬರುವ ಪ್ರತಿಕ್ರಿಯೆ, ನಿಂತಾಗ ಇದ್ದಷ್ಟು ನಡೆಯುವಾಗ ಇರುವುದಿಲ್ಲ. ಹೆಜ್ಜೆ ಊರಿದಾಗ ಏರುತ್ತದೆ, ಕಾಲು ಗಾಳಿಯಲ್ಲಿರುವಾಗ ಇಲ್ಲವೆನ್ನುವಷ್ಟು ಇಳಿಯುತ್ತದೆ. ಬೋರ್ಡ್ ಕೆಟ್ಟದ್ದು ಅನ್ನುತ್ತಿಲ್ಲ. ಉಳುಕಿದ ಹೊಸತರಲ್ಲಿ ಒಳ್ಳೆಯದೇ. ನೀವು ಆ ಹಂತ ದಾಟಿದ್ದೀರಿ.

ನನ್ನನ್ನು ಸರಿಮಾಡಿದ್ದು ನಡೆಯುತ್ತಲೇ ಎಡವುವ ಅಭ್ಯಾಸ. ಫಿಸಿಯೋಥೆರಪಿಸ್ಟ್ ಮೈಗೆ ಪಟ್ಟಿ ಕಟ್ಟಿ ಮೇಲಿನಿಂದ ತಗುಲಿಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಹೇಳದೆ ಕೇಳದೆ ವೇಗ ಬದಲಿಸುತ್ತಿದ್ದರು. ಮೊದಮೊದಲು ಪಟ್ಟಿಗೇ ಜೋತುಬೀಳುತ್ತಿದ್ದೆ. ಆಮೇಲೆ ಕಾಲು ತಾನೇ ಮುಂದೆ ಹೋಗಿ ಊರತೊಡಗಿತು, ನನಗೆ ಗೊತ್ತಾಗುವಷ್ಟರಲ್ಲಿ. ಜೊತೆಗೆ ಹುಲ್ಲು, ಮರಳು, ಇಳಿಜಾರಿನ ಮೇಲೆ ನಡಿಗೆ, ಕಣ್ಣು ಎರಡು ಹೆಜ್ಜೆ ಮುಂದೆ.

ಟ್ರೆಡ್‌ಮಿಲ್ ಆಟವನ್ನು ಪಟ್ಟಿ ಇಲ್ಲದೆ ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಮತ್ತೆ, ಪಾದದಲ್ಲಿ ಜೋಮು ಇದ್ದರೆ, ಪಾದದ ತುದಿ ಮೇಲೆತ್ತಲು ಆಗದಿದ್ದರೆ ನರದ ತೊಂದರೆಯೂ ಇರಬಹುದು. ಅಂಥದ್ದಿದ್ದರೆ ಇದೆಲ್ಲ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ.